ಒಬ್ಬರೇ ಸ್ಕೂಬಾ ಡೈವ್ ಮಾಡಬೇಕು ಅನ್ನಿಸಿದ್ರೆ ಮೊದಲು ಈ ಲೆಕ್ಕ ಹಾಕಿ

ಬಾಗಲಕೋಟೆ ಕಡೆ ನಮ್ಮ ವಯಸ್ಸಿನವರು ಈಜು ಕಲಿತದ್ದು ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಡಬ್ಬಿ, ಸೊಂಟಕ್ಕೆ ಹಗ್ಗ, ಮೇಲಿಂದ ಒಂದು ನೂಕು. ನನಗೆ ಕಲಿಸಿದ್ದು ಸೋದರಮಾವ. ಡಬ್ಬಿ ಬಿಚ್ಚಿದ ಮೇಲೂ, ಒಂದೇ ಉಸಿರಿಗೆ ತಳದ ಕೆಸರು ಮುಟ್ಟಿ ಬರುವಷ್ಟು ಪಳಗಿದ ಮೇಲೂ ಮಾವ ಒಂದು ನಿಯಮ ಮಾತ್ರ ಬಿಡಲಿಲ್ಲ. ದಂಡೆ ಮೇಲೆ ಒಬ್ಬ ಕೂತಿರಬೇಕು. ಅವನಿಗೆ ಈಜು ಬರದಿದ್ರೂ ನಡೀತದೆ, ಆದ್ರೆ ಕೈಯಲ್ಲಿ ಹಗ್ಗ ಇರಬೇಕು, ಕಣ್ಣು ನೀರಿನ ಮೇಲಿರಬೇಕು.

ಈಗ ಬೆಳಗಾವಿ, ವಿಜಯಪುರ, ಬಾಗಲಕೋಟೆಯಿಂದ ಬಹಳ ಹುಡುಗರು ಮುರುಡೇಶ್ವರಕ್ಕೆ, ಗೋವಾಕ್ಕೆ ಹೋಗಿ ಸ್ಕೂಬಾ ಡೈವಿಂಗ್, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯೋದನ್ನ, ಕಲಿತು ಬರ್ತಾರೆ. ಮೂವತ್ತು ನಲವತ್ತು ಡೈವ್ ಆದ ಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಒಬ್ಬನೇ ಇಳಿಯಬಹುದಾ? ನನಗೆ 140ಕ್ಕೂ ಜಾಸ್ತಿ ಡೈವ್ ಆಗಿವೆ, ಅದರಲ್ಲಿ ಒಬ್ಬನೇ ಇಳಿದದ್ದು 9 ಸಲ ಮಾತ್ರ. ಈ ಪ್ರಶ್ನೆಗೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಹೇಳೋಕೆ ನನಗೆ ಮನಸ್ಸಿಲ್ಲ. ಒಂದು ಹಾಳೆ ತಗೊಳ್ಳಿ. ನೀರಿನೊಳಗೆ ಜೊತೆಗಾರ ನಿಮಗಾಗಿ ಏನೇನು ಮಾಡ್ತಾನೆ ಅನ್ನೋದನ್ನ ಒಂದೊಂದಾಗಿ ಬರೆಯಿರಿ. ಯಾವುದನ್ನ ನೀವೇ ಮಾಡ್ಕೋಬಹುದೋ ಅದನ್ನ ಹೊಡೆದು ಹಾಕಿ. ಹಾಳೆಯಲ್ಲಿ ಕೊನೆಗೆ ಏನು ಉಳೀತದೋ ಅದನ್ನ ನೋಡಿ ತೀರ್ಮಾನ ಮಾಡಿ. ನಾನು ಹಾಗೇ ಮಾಡಿದ್ದು, ಇಲ್ಲಿ ಹೇಳೋದೂ ಅದನ್ನೇ.

ಹಾಳೆಯಲ್ಲಿ ಮೊದಲು ಬರೋದು ಗಾಳಿ. ಸಿಲಿಂಡರ್ ಗಾಳಿಯನ್ನ ಬಾಯಿಗೆ ಕೊಡೋ ನಿಮ್ಮ ರೆಗ್ಯುಲೇಟರ್ ಕೆಟ್ಟರೆ, ಸಿಲಿಂಡರ್ ಖಾಲಿ ಆದ್ರೆ ಜೊತೆಗಾರ ತನ್ನ ಎರಡನೇ ರೆಗ್ಯುಲೇಟರ್ ಕೊಡ್ತಾನೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೋ ಸಂಸ್ಥೆ, ಎಲ್ಲರೂ ಡ್ಯಾನ್ ಅಂತಾರೆ, ಅವರ ತಜ್ಞರು 2008ರಲ್ಲಿ ಡೈವಿಂಗ್ ಸಾವುಗಳ ವಿಶ್ಲೇಷಣೆಯೊಂದನ್ನ ಪ್ರಕಟಿಸಿದ್ರು. ಅನಾಹುತ ಎಲ್ಲಿಂದ ಶುರುವಾಯ್ತು ಅಂತ ಗೊತ್ತಾದ ಪ್ರಕರಣಗಳಲ್ಲಿ ನೂರಕ್ಕೆ 41ರಷ್ಟು ಗಾಳಿ ಸಾಲದೆ ಹೋದದ್ದರಿಂದಲೇ ಶುರುವಾಗಿದ್ವು. ಎರಡನೇದು ಎಲ್ಲೋ ಸಿಕ್ಕಿಹಾಕಿಕೊಳ್ಳೋದು, ಮೂರನೇದು ಸಲಕರಣೆಯ ತೊಂದರೆ. ಅಂದ್ರೆ ದೊಡ್ಡ ಅಪಾಯ ಶಾರ್ಕ್ ಅಲ್ಲ, ಗಾಳಿ ಎಷ್ಟು ಉಳಿದಿದೆ ಅಂತ ತೋರಿಸೋ ಗೇಜ್ ನೋಡದೆ ಇರೋದು.

ಈ ಒಂದನ್ನ ನೀವೇ ಹೊಡೆದು ಹಾಕಬಹುದು, ಆದ್ರೆ ಲೆಕ್ಕ ಬರಬೇಕು. ಮೊದಲು ನಿಮ್ಮ ಉಸಿರಿನ ಖರ್ಚು ಎಷ್ಟು ಅಂತ ತಿಳ್ಕೊಳ್ಳಿ. 10 ಮೀಟರ್ ಆಳದಲ್ಲಿ 10 ನಿಮಿಷ ಮಾಮೂಲಿ ವೇಗದಲ್ಲಿ ಈಜಿ, ಶುರುವಿನಲ್ಲಿ ಎಷ್ಟಿತ್ತು, ಕೊನೆಗೆ ಎಷ್ಟಾಯ್ತು ನೋಡಿ. ನಮ್ಮಲ್ಲಿ ಬಾಡಿಗೆಗೆ ಸಿಗೋ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರ್‌ನದು. ಗೇಜ್‌ನಲ್ಲಿ 30 ಬಾರ್ (ಬಾರ್ ಅಂದ್ರೆ ಒತ್ತಡದ ಅಳತೆ) ಇಳಿದಿದೆ ಅಂದ್ಕೊಳ್ಳಿ. 330 ಲೀಟರ್ ಖರ್ಚಾಯ್ತು, ನಿಮಿಷಕ್ಕೆ 33. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಹಾಗಾಗಿ ಮೇಲಿನ ಲೆಕ್ಕದಲ್ಲಿ ನಿಮ್ಮದು ನಿಮಿಷಕ್ಕೆ ಹದಿನಾರೂವರೆ ಲೀಟರ್. ಇದು ಶಾಂತವಾಗಿದ್ದಾಗಿನ ಲೆಕ್ಕ. ಗಾಬರಿ ಆದ್ರೆ ಇದು ಸುಲಭವಾಗಿ ಎರಡರಷ್ಟು ಆಗ್ತದೆ, ಅದಕ್ಕೇ ಆಪತ್ತಿನ ಲೆಕ್ಕಕ್ಕೆ ನಾನು ನಿಮಿಷಕ್ಕೆ 40 ಲೀಟರ್ ಇಟ್ಕೊಳ್ತೀನಿ.

ಒಬ್ಬರೇ ಇಳಿಯುವವರು ಪೂರ್ತಿ ಬೇರೆಯಾದ ಚಿಕ್ಕ ಸಿಲಿಂಡರ್ ಒಂದನ್ನ, ಅದರದೇ ರೆಗ್ಯುಲೇಟರ್ ಜೊತೆಗೆ, ಪಕ್ಕಕ್ಕೆ ಕಟ್ಟಿಕೊಳ್ತಾರೆ. ಪೋನಿ ಸಿಲಿಂಡರ್ ಅಂತ ಹೆಸರು. 3 ಲೀಟರ್‌ನದು 200 ಬಾರ್ ತುಂಬಿದ್ರೆ 600 ಲೀಟರ್ ಗಾಳಿ. ಇದು ಸಾಕಾ? 18 ಮೀಟರ್‌ನಲ್ಲಿ ದೊಡ್ಡ ಸಿಲಿಂಡರ್ ಕೈಕೊಟ್ಟಿತು ಅಂತಿಟ್ಕೊಳ್ಳಿ. ಅಲ್ಲಿ ಒತ್ತಡ ಮೇಲಿನದರ 2.8ರಷ್ಟು, ಹಾಗಾಗಿ ಅಲ್ಲೇ ಒಂದು ನಿಮಿಷ ಸುಧಾರಿಸಿಕೊಳ್ಳೋಕೆ 112 ಲೀಟರ್, ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಮೇಲೆ ಬರೋಕೆ 152, ಮೈಯೊಳಗಿನ ನೈಟ್ರೋಜನ್ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲೋಕೆ 180. ಒಟ್ಟು 444. ಸಾಕು, ಸ್ವಲ್ಪ ಉಳೀತದೆ. ಇದೇ ಲೆಕ್ಕವನ್ನ 30 ಮೀಟರ್‌ಗೆ ಹಾಕಿ ನೋಡಿ, 673 ಲೀಟರ್ ಬರ್ತದೆ. ಸಾಲಲ್ಲ. ಅಂಗಡಿಯವನು "ಪೋನಿ ಇದೆಯಲ್ಲ, ಏನೂ ಆಗಲ್ಲ" ಅಂದ್ರೆ ಯಾವ ಆಳಕ್ಕೆ ಅಂತ ತಿರುಗಿ ಕೇಳಿ. 30 ಮೀಟರ್ ಹತ್ತಿರ ನೈಟ್ರೋಜನ್‌ನ ಅಮಲು ಬೇರೆ ಏರ್ತದೆ, ಮನಸ್ಸು ಮಂಕಾಗ್ತದೆ, ಮಂಕಾಗಿದೆ ಅನ್ನೋದು ಮಂಕಾದವನಿಗೇ ಗೊತ್ತಾಗಲ್ಲ. ಅದನ್ನ ನೋಡಿ ಹೇಳೋಕೆ ಇನ್ನೊಬ್ಬ ಬೇಕು. ಹಾಗಾಗಿ ಆಳ ಅನ್ನೋದು ನನ್ನ ಹಾಳೆಯಲ್ಲಿ ಹೊಡೆದು ಹಾಕೋಕೆ ಆಗದ ಸಾಲು. ಒಬ್ಬನೇ ಇದ್ರೆ ನನ್ನ ಮಿತಿ 12 ಮೀಟರ್.

ಈ 12 ಎಲ್ಲಿಂದ ಬಂತು ಅಂತ ಕೇಳ್ತೀರಿ. ಬರೀ ಉಸಿರಲ್ಲಿ ಎಷ್ಟು ಆಳಕ್ಕೆ ಮುಳುಗಿ ಬರಬಲ್ಲಿರೋ ಅದರ ಎರಡರಷ್ಟಕ್ಕಿಂತ ಕೆಳಗೆ ಒಬ್ಬರೇ ಹೋಗಬೇಡಿ ಅಂತ ಹಳೆಯ ಡೈವರ್‌ಗಳ ಒಂದು ಅಳತೆ ಇದೆ. ನನ್ನದು 6 ಮೀಟರ್. ಆದ್ರೆ ಈ ಅಳತೆ ತೆಗೆಯೋಕೆ ಒಬ್ಬರೇ ಹೋಗಬೇಡಿ, ಉಸಿರು ಹಿಡಿದು ಮುಳುಗಿದಾಗ ಮೇಲೆ ಬರೋ ಹೊತ್ತಲ್ಲೇ ಎಚ್ಚರ ತಪ್ಪೋದು. ಮತ್ತೆ ಸಿಲಿಂಡರ್‌ನಿಂದ ಉಸಿರಾಡ್ತಾ ಮೇಲೆ ಬರುವಾಗ ಯಾವತ್ತೂ ಉಸಿರು ಹಿಡಿಯಬೇಡಿ. 10 ಮೀಟರ್‌ನಿಂದ ಮೇಲೆ ಬರೋಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡರಷ್ಟು ಹಿಗ್ಗುತ್ತದೆ. ಇದನ್ನ ಮೊದಲ ದಿನವೇ ಕಲಿಸ್ತಾರೆ, ಗಾಬರಿಯಲ್ಲಿ ಮೊದಲು ಮರೆಯೋದೂ ಇದನ್ನೇ.

ಎರಡನೇ ಸಾಲು, ಬಿಡಿಸೋ ಕೈ. ಇದನ್ನ ನಾನು ಮೈಮೇಲೆ ಅನುಭವಿಸಿದ್ದು. ಪಶ್ಚಿಮ ಕರಾವಳಿಯಲ್ಲೇ ಒಂದು ಕಡೆ, 14 ಮೀಟರ್ ಆಳ, ನೀರು ಸ್ವಲ್ಪ ಮಸುಕು. ಬಂಡೆ ಸುತ್ತಿ ಬರ್ತಿದ್ದೆ. ಮುಂದಕ್ಕೆ ಕಾಲು ಬಡಿದ್ರೆ ಹೋಗ್ತಾ ಇಲ್ಲ. ನೀರಿನ ಸೆಳವು ಇರಬೇಕು ಅಂದ್ಕೊಂಡು ಇನ್ನೂ ಜೋರಾಗಿ ಬಡಿದೆ. ಆಗ ಯಾರೋ ಹಿಂದಿನಿಂದ ಸಿಲಿಂಡರ್ ಹಿಡಿದು ಜಗ್ಗಿದ ಹಾಗಾಯ್ತು. ತಿರುಗಿದೆ, ಯಾರೂ ಇಲ್ಲ. ತಿರುಗಿದ್ದರಿಂದ ಇನ್ನೊಂದು ಸುತ್ತು ಬಿಗಿಯಾಯ್ತು. ಕಿವಿ ಹತ್ತಿರ ಕೈ ಹಾಕಿದ್ರೆ ಬೆರಳಿಗೆ ತಂಗೂಸಿ ಹತ್ತಿತು. ಬಿಟ್ಟು ಹೋದ ಹಳೆ ಬಲೆಯದು, ಕೂದಲೆಳೆಯಷ್ಟು ಸಣ್ಣ, ನೀರಲ್ಲಿ ಕಾಣಲ್ಲ, ಬೆರಳಿಗೆ ಮಾತ್ರ ಕೊಯ್ಯುವ ಹಾಗೆ ಸಿಗ್ತದೆ. ಅದು ಸಿಲಿಂಡರ್‌ನ ತಿರುಗಣೆಗೆ, ತಲೆಯ ಹಿಂದೆ ಸುತ್ತಿಕೊಂಡಿತ್ತು. ಚಾಕು ಕಣಕಾಲಿಗೆ ಕಟ್ಟಿದ್ದೆ, ಕೈ ಅಲ್ಲಿಗೆ ಮುಟ್ಟಲಿಲ್ಲ. ಉಸಿರು ಜೋರಾಯ್ತು, ಎಷ್ಟು ಎಳೆದುಕೊಂಡ್ರೂ ಸಾಲ್ತಾ ಇಲ್ಲ ಅನ್ನಿಸ್ತು. ಅಷ್ಟರಲ್ಲಿ ಜೊತೆಗಾರ ಬಂದ. ಎದುರಿಗೆ ಬಂದು ಅಂಗೈ ತೋರಿಸಿ ನಿಲ್ಲು ಅಂದ, ಹಿಂದೆ ಹೋದ, ಹತ್ತು ಸೆಕೆಂಡಲ್ಲಿ ಕತ್ತರಿಸಿದ. ಗೇಜ್ ನೋಡಿದೆ, ಅಷ್ಟು ಚೂರು ಹೊತ್ತಿನಲ್ಲಿ ಇಳಿಯಬಾರದಷ್ಟು ಇಳಿದಿತ್ತು.

ಆ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆನ್ನಿನ ಮೇಲೆ ನಾಲ್ಕು ಗೇಣು ಜಾಗ ಇದೆ, ಅಲ್ಲಿ ನನ್ನ ಕಣ್ಣೂ ಹೋಗಲ್ಲ, ಕೈಯೂ ಹೋಗಲ್ಲ. ಒಬ್ಬನೇ ಇಳಿಯಬೇಕಾದ್ರೆ ಆ ಜಾಗದ ತಂಟೆಗೆ ಬೇರೆ ದಾರಿ ಬೇಕು. ದಾರಿ ಇದೆ. ಪೋನಿಯ ರೆಗ್ಯುಲೇಟರ್ ಬಾಯಿಗೆ ಇಟ್ಟುಕೊಂಡು, ಜಾಕೆಟ್ ಬಿಚ್ಚಿ, ಸಿಲಿಂಡರ್ ಸಮೇತ ಮುಂದಕ್ಕೆ ತಂದು, ಕತ್ತರಿಸಿ, ಮತ್ತೆ ಹಾಕಿಕೊಳ್ಳೋದು. ಓದೋಕೆ ಸಲೀಸು. ತೂಕದ ಸೀಸ ಜಾಕೆಟ್‌ನಲ್ಲೇ ಇದ್ದರೆ ಜಾಕೆಟ್ ಕೆಳಗೆ ಎಳೀತದೆ, ನೀವು ಮೇಲೆ ತೇಲ್ತೀರಿ, ಎರಡು ಕೈಯಲ್ಲಿ ಹಿಡ್ಕೊಂಡು ಒದ್ದಾಡ್ತೀರಿ. ತರಬೇತುದಾರರನ್ನ ಪಕ್ಕಕ್ಕೆ ಇಟ್ಟುಕೊಂಡು ಕೊಳದಲ್ಲಿ ಹತ್ತು ಸಲ, ಆಮೇಲೆ ಸಮುದ್ರದಲ್ಲಿ ಹತ್ತು ಸಲ ಮಾಡಿ. ಕಣ್ಣು ಮುಚ್ಚಿಯೂ ಬರುವ ತನಕ ಆ ಸಾಲನ್ನ ಹೊಡೆದು ಹಾಕಬೇಡಿ. ಕತ್ತರಿಸೋ ಸಾಮಾನು ಎರಡು ಇರಲಿ, ಎರಡೂ ಸೊಂಟಕ್ಕಿಂತ ಮೇಲೆ ಇರಲಿ, ಎಡಗೈಗೂ ಬಲಗೈಗೂ ಸಿಗೋ ಹಾಗೆ. ತಂಗೂಸಿಗೆ ದೊಡ್ಡ ಚಾಕುಗಿಂತ ಸಣ್ಣ ಕತ್ತರಿ ಚೆನ್ನಾಗಿ ಕೆಲಸ ಮಾಡ್ತದೆ.

ಮೂರನೇದು, ಎರಡನೇ ತಲೆ. ಇಳಿಯೋ ಮುಂಚೆ ನಿಮ್ಮ ಸಲಕರಣೆಯನ್ನ ಇನ್ನೊಬ್ಬ ನೋಡ್ತಾನೆ, ವಾಲ್ವ್ ತೆರೆದಿದೆಯಾ, ಪಟ್ಟಿ ಬಿಗಿದಿದೆಯಾ ಅಂತ. ಕೆಳಗೆ ಸಮಯ ನೆನಪಿಸ್ತಾನೆ. ಇದಕ್ಕೆ ಬರೆದಿಟ್ಟ ಪಟ್ಟಿ, ಆಳ, ಸಮಯ ಲೆಕ್ಕ ಹಾಕೋ ಡೈವ್ ಕಂಪ್ಯೂಟರ್ ಎರಡು, ಜೇಬಲ್ಲಿ ಇನ್ನೊಂದು ಮಾಸ್ಕ್ ಇದ್ರೆ ಹೆಚ್ಚುಕಡಿಮೆ ಮುಗೀತು. ಪಟ್ಟಿಯನ್ನ ಬಾಯಿಬಿಟ್ಟು ಓದಿ.

ಕೊನೆಯ ಸಾಲು ಮಾತ್ರ ಹಾಳೆಯಲ್ಲೇ ಉಳೀತದೆ, ಯಾರು ಎಷ್ಟೇ ಕಲಿತಿದ್ರೂ. ನೀರಿನೊಳಗೆ ಎಚ್ಚರ ತಪ್ಪಿದ್ರೆ, ಹೃದಯ ತೊಂದರೆ ಕೊಟ್ರೆ, ರೆಗ್ಯುಲೇಟರ್ ಬಾಯಿಂದ ಜಾರ್ತದೆ, ಅಷ್ಟೇ. ಹಿಡಿದು ಮೇಲೆ ತರೋಕೆ ಯಾರೂ ಇಲ್ಲ. ಯಾವ ಸಲಕರಣೆಯೂ ಆ ಕೆಲಸ ಮಾಡಲ್ಲ. ಇದನ್ನ ಮನೆಯವರ ಮುಂದೆ ಕೂತು ಹೇಳೋಕೆ ನಿಮಗೆ ಆಗ್ತದಾ? ಆಗಲ್ಲ ಅಂದ್ರೆ ನಿಮ್ಮ ಉತ್ತರ ಸಿಕ್ಕಿತು. ನಾನು ಹೇಳಿದೆ. ಅಮ್ಮ ಎರಡು ದಿನ ಮಾತಾಡಲಿಲ್ಲ, ಆಮೇಲೆ ಪ್ರತಿ ವರ್ಷ ಹೃದಯದ ತಪಾಸಣೆ ಮಾಡಿಸಬೇಕು ಅಂತ ಷರತ್ತು ಹಾಕಿದ್ರು. ಆ ಷರತ್ತು ಸರಿಯಾಗೇ ಇದೆ. ವಯಸ್ಸು 45 ದಾಟಿದ್ರೆ, ಬಿಪಿ ಸಕ್ಕರೆ ಇದ್ರೆ ನೀವೂ ಡಾಕ್ಟರ್ ಹತ್ತಿರ ಕೇಳದೆ ಇಳಿಯಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ. ನೆಗಡಿ, ನಿದ್ದೆಗೆಟ್ಟ ರಾತ್ರಿ, ಹಿಂದಿನ ದಿನದ ಕುಡಿತ, ಆರು ತಿಂಗಳಿಂದ ನೀರಿಗೇ ಇಳಿದಿಲ್ಲ ಅನ್ನೋದು, ಯಾರಿಗೋ ತೋರಿಸಬೇಕು ಅನ್ನೋ ಹಟ, ಇವುಗಳಲ್ಲಿ ಒಂದಿದ್ರೂ ಆ ದಿನ ದೋಣಿಯಲ್ಲೇ ಕೂತಿರಿ.

ಇಷ್ಟೆಲ್ಲ ಅಪಾಯ ಇದ್ರೆ ಯಾಕೆ ಇಳೀಬೇಕು ಅಂತೀರಾ? ಸಿಗೋದೂ ಸಣ್ಣದಲ್ಲ, ಅದನ್ನೂ ಹಾಳೆಯ ಇನ್ನೊಂದು ಬದಿಗೆ ಬರೀಬೇಕು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಬಂಡೆಗಳ ಹತ್ತಿರ ಗುಂಪಿನಲ್ಲಿ ಹೋದಾಗ ಗಿಣಿಮೀನು ಅಂದ್ರೆ ಹಸಿರು ನೀಲಿ ಬಾಲ, ಅದೂ ಓಡಿ ಹೋಗೋ ಬಾಲ. ಒಬ್ಬನೇ ಇದ್ದ ದಿನ ನಾನು ಬಂಡೆಯಿಂದ ಒಂದು ಮಾರು ದೂರ ಅಲ್ಲಾಡದೆ ನಿಂತಿದ್ದೆ. ಮೂರು ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಕಟುಂ ಕಟುಂ ಅಂತ ಸದ್ದು. ಹಸಿ ಕಡಲೆಕಾಳು ಕಡಿದ ಹಾಗೆ. ಗಿಣಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೀತಾ ನನ್ನ ಮೊಣಕೈ ಹತ್ತಿರ ಬಂತು. ಕೆರೆದು ತಿಂದದ್ದನ್ನ ಹಿಂದಿನಿಂದ ಬಿಳಿ ಮರಳಾಗಿ ಬಿಡ್ತಿತ್ತು, ಆ ಮರಳು ನಿಧಾನಕ್ಕೆ ಹೊಗೆಯ ಹಾಗೆ ಕೆಳಗಿಳೀತಿತ್ತು. ಸಮುದ್ರದ ಬಿಳಿ ಮರಳಲ್ಲಿ ಒಂದಿಷ್ಟು ಹೀಗೆ ಹುಟ್ಟಿದ್ದು ಅಂತ ಓದಿದ್ದೆ, ಅವತ್ತು ಕಣ್ಣಿಂದ ನೋಡಿದೆ. ನಾನು ಉಸಿರು ಬಿಟ್ಟಾಗ ಮಾತ್ರ ಅದು ಸ್ವಲ್ಪ ಸರಿದು ನಿಲ್ತಿತ್ತು. ಯಾರಿಗೂ ಸನ್ನೆ ಮಾಡಬೇಕಿಲ್ಲ, ಯಾರ ವೇಗಕ್ಕೂ ಓಡಬೇಕಿಲ್ಲ. ಮೂವತ್ತು ನಿಮಿಷದಲ್ಲಿ ನಾನು ಸರಿದದ್ದು ಹತ್ತು ಹೆಜ್ಜೆ ಇರಬಹುದು. ನನಗೆ ಅದು ಬೇಕಿತ್ತು.

ಇನ್ನೊಂದು ಲಾಭವೂ ಇದೆ. ಒಬ್ಬನೇ ಇಳಿಯೋಕೆ ಅಂತ ಕಲಿತದ್ದೆಲ್ಲ ಜೊತೆಯಲ್ಲಿ ಇಳಿಯುವಾಗಲೂ ಬೇಕಾಗೋದೇ. ದೋಣಿಯಲ್ಲಿ ಆ ದಿನ ಪರಿಚಯ ಆದವರನ್ನ ಜೊತೆ ಹಾಕ್ತಾರೆ, ಅವರು ಕ್ಯಾಮೆರಾ ಹಿಡ್ಕೊಂಡು ಎತ್ತಲೋ ಹೋಗ್ತಾರೆ, ನೋಡಿದ್ರೆ ನೀವು ಒಬ್ಬರೇ. ಅದೂ ಒಬ್ಬರೇ ಡೈವ್ ಮಾಡಿದ ಹಾಗೇ, ಆದ್ರೆ ತಯಾರಿ ಇಲ್ಲ, ಪೋನಿ ಇಲ್ಲ. ನನ್ನ ಪ್ರಕಾರ ತಯಾರಿ ಮಾಡಿ ಒಬ್ಬರೇ ಇಳಿಯೋದಕ್ಕಿಂತ ಇದು ಜಾಸ್ತಿ ಅಪಾಯ. ಮೇಲೆ ಹೇಳಿದ ತಂಗೂಸಿ ದಿನ ನನ್ನ ಜೊತೆಗಾರ ಹತ್ತಿರ ಇದ್ದದ್ದು ಅವನು ಒಳ್ಳೆಯ ಡೈವರ್ ಆಗಿದ್ದರಿಂದ.

ಹಾಗಾದ್ರೆ ಶುರು ಎಲ್ಲಿಂದ? ಕೋರ್ಸ್‌ನಿಂದ. ಪ್ಯಾಡಿ ಸಂಸ್ಥೆಯಲ್ಲಿ ಸೆಲ್ಫ್ ರಿಲಯಂಟ್ ಡೈವರ್ ಅಂತ, ಎಸ್‌ಡಿಐ ಸಂಸ್ಥೆಯಲ್ಲಿ ಸೋಲೋ ಡೈವರ್ ಅಂತ ಇದೆ. ಎರಡಕ್ಕೂ ಮುಂಚೆ 100 ಡೈವ್ ದಾಖಲೆ ಕೇಳ್ತಾರೆ. ನಲವತ್ತು ಡೈವ್ ಆದವರಿಗೆ ಇದು ಬೇಜಾರು ಅನ್ನಿಸಬಹುದು, ಆದ್ರೆ ಆ ನೂರರಲ್ಲಿ ಕೊನೆಯ ಅರವತ್ತೇ ನಿಮಗೆ ನೀರಲ್ಲಿ ಸುಮ್ನೆ ನಿಲ್ಲೋದನ್ನ ಕಲಿಸೋದು. ದೋಣಿ ನಡೆಸೋರಲ್ಲಿ ಬಹಳಷ್ಟು ಜನ ಒಬ್ಬರನ್ನೇ ಇಳಿಸೋಕೆ ಒಪ್ಪಲ್ಲ. ಜಗಳ ಮಾಡಬೇಡಿ, ಅವರ ದೋಣಿ, ಅವರ ಜವಾಬ್ದಾರಿ. ಕದ್ದು ಇಳಿಯೋದು ಅಂತೂ ಬೇಡವೇ ಬೇಡ. ವಿಮೆ ಇದ್ರೆ ಒಬ್ಬರೇ ಇಳಿದಾಗಲೂ ಅನ್ವಯ ಆಗ್ತದಾ ಅಂತ ಬರವಣಿಗೆಯಲ್ಲಿ ಕೇಳಿ.

ಮೊದಲ ಸಲ ಇಳಿಯೋ ಜಾಗ ನಿಮಗೆ ಅಂಗೈಯಷ್ಟು ಗೊತ್ತಿರಬೇಕು. ತಳ ಕಾಣುವ ನೀರು, ಸೆಳವು ಇಲ್ಲದ ಹೊತ್ತು, ಮೇಲೆ ಯಾವ ಚಾವಣಿಯೂ ಇಲ್ಲದ ಜಾಗ. ಗುಹೆ, ಮುಳುಗಿದ ಹಡಗಿನ ಒಳಗೆ, ಬಲೆ ಬಿಡೋ ಕಡೆ, ರಾತ್ರಿ ಹೊತ್ತು ಬೇಡ. ಮತ್ತೆ ದಂಡೆ ಮೇಲೆ ಒಬ್ಬ ಕೂತಿರಬೇಕು. ದೋಣಿಯವನ ಕೈಗೆ ಒಂದು ಚೀಟಿ ಕೊಡಿ: ಎಷ್ಟು ಹೊತ್ತಿಗೆ ಇಳಿದೆ, ಎಷ್ಟು ಆಳ, ಯಾವ ಕಡೆ, ಎಷ್ಟು ಹೊತ್ತಿಗೆ ಮೇಲೆ ಬರ್ತೀನಿ, ಹತ್ತು ನಿಮಿಷ ತಡ ಆದ್ರೆ ಯಾರಿಗೆ ಫೋನ್ ಮಾಡಬೇಕು. ಮೇಲೆ ಬರೋ ಮುಂಚೆ 5 ಮೀಟರ್‌ನಲ್ಲಿ ನಿಂತು ಗಾಳಿ ತುಂಬಿದ ಕಿತ್ತಳೆ ಬಣ್ಣದ ಗುರುತಿನ ಕೊಳವೆಯನ್ನ ನೀರಿನ ಮೇಲಕ್ಕೆ ಬಿಡಿ, ಅದು ಕಂಡ್ರೆ ಅವನಿಗೂ ನೆಮ್ಮದಿ. ಸೀಟಿ ಕುತ್ತಿಗೆ ಹತ್ತಿರ ಇರಲಿ.

ನಮ್ಮ ಜಿಲ್ಲೆಗಳ ನೀರಿನ ಬಗ್ಗೆ ಬೇರೆ ಹೇಳಲೇಬೇಕು. ಆಲಮಟ್ಟಿ ಹಿನ್ನೀರು ನೋಡಿದ್ರೆ ಯಾವ ಡೈವರ್‌ಗಾದ್ರೂ ಆಸೆ ಹುಟ್ಟುತ್ತದೆ, ಅದರಲ್ಲೂ ಹಳೆ ಬಾಗಲಕೋಟೆಯ ಓಣಿಗಳು, ಹಳ್ಳಿಗಳು ಅದರ ಕೆಳಗೆ ಇವೆ ಅಂತ ಗೊತ್ತಿದ್ದಾಗ. ನಮ್ಮ ಅಜ್ಜನ ಮನೆಯೂ ಅಲ್ಲೇ ಇದೆ. ಒಂದು ಸಲ ನೋಡಿ ಬರಬೇಕು ಅಂತ ನನಗೂ ಅನ್ನಿಸಿದೆ. ಇಳಿದಿಲ್ಲ, ಇಳಿಯಲ್ಲ. ತಳದಲ್ಲಿ ಎರೆಮಣ್ಣಿನ ಹೂಳು, ಒಂದು ಸಲ ಕಾಲು ಬಡಿದ್ರೆ ಚಾಚಿದ ಕೈಯೇ ಕಾಣಲ್ಲ. ನಿಂತಲ್ಲೇ ಮುಳುಗಿದ ಜಾಲಿ ಗಿಡಗಳಿವೆ, ಮುಳ್ಳು ಸಮೇತ. ಮೀನುಗಾರರ ಬಲೆ ಬೇರೆ. ಮನೆ ಗೋಡೆಗಳು ಇಷ್ಟು ವರ್ಷ ನೆನೆದಿವೆ.

ಇದರ ಮೇಲೆ ಎತ್ತರದ ಲೆಕ್ಕ ಇದೆ. ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 519.6 ಮೀಟರ್. 300 ಮೀಟರ್ ದಾಟಿದ ನೀರಿಗೆ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳೋ ಸಮುದ್ರದ ಡೈವ್ ಪಟ್ಟಿ ಹಾಗೇ ಅನ್ವಯ ಆಗಲ್ಲ, ಮೇಲೆ ಗಾಳಿಯ ಒತ್ತಡ ಕಮ್ಮಿ ಇರೋದ್ರಿಂದ ಮೇಲೆ ಬರುವಾಗ ಮೈಯೊಳಗಿನ ನೈಟ್ರೋಜನ್ ಜಾಸ್ತಿ ಗುಳ್ಳೆಯಾಗ್ತದೆ. ಕಂಪ್ಯೂಟರ್‌ನಲ್ಲಿ ಎತ್ತರ ಹೊಂದಿಸಬೇಕು. ಸಿಹಿನೀರಲ್ಲಿ ತೇಲುವ ಗುಣವೂ ಕಮ್ಮಿ, ಸಮುದ್ರದಲ್ಲಿ ಕಟ್ಟೋದಕ್ಕಿಂತ ಎರಡು ಕಿಲೋದಷ್ಟು ಸೀಸ ಕಡಿಮೆ ಸಾಕು, ಅದೇ ತೂಕ ಕಟ್ಟಿದ್ರೆ ಸೀದಾ ಹೂಳಿಗೆ. ನೀರಿನ ಒತ್ತಡ ಅಂದ್ರೇನು ಅಂತ ಮಕ್ಕಳಿಗೆ ತೋರಿಸಬೇಕಾದ್ರೆ ನಾನು ಕೂಡಲಸಂಗಮದ ಐಕ್ಯ ಮಂಟಪಕ್ಕೆ ಕರ್ಕೊಂಡು ಹೋಗ್ತೀನಿ. ಹೊಳೆ ತುಂಬಿದಾಗ ಮೆಟ್ಟಿಲಿಳಿದು ತಳದಲ್ಲಿ ನಿಂತು, ಗೋಡೆಯ ಆಚೆ ನಮ್ಮ ತಲೆಗಿಂತ ಎಷ್ಟು ಮೇಲೆ ನೀರಿದೆ ಅಂತ ಕೇಳ್ತೀನಿ. ಅವರು ಮೇಲೆ ನೋಡಿ ಸುಮ್ನಾಗ್ತಾರೆ. ಆ ಗೋಡೆ ಅಷ್ಟು ದಪ್ಪ ಯಾಕೆ ಅಂತ ಆಮೇಲೆ ಅವರೇ ಕೇಳ್ತಾರೆ.

ಊರಿಗೆ ವಾಪಸ್ ಬರೋದೂ ಡೈವ್‌ನ ಒಂದು ಭಾಗ, ಇದನ್ನ ನಮ್ಮ ಕಡೆಯವರು ಮರೀತಾರೆ. ಗೋವಾದಲ್ಲಿ ಮಧ್ಯಾಹ್ನ ನೀರಿಂದ ಎದ್ದು, ಊಟ ಮಾಡಿ, ಚೋರ್ಲಾ ಘಾಟ್ ಹತ್ತಿ ಸಂಜೆಗೆ ಬೆಳಗಾವಿ. ಬೆಳಗಾವಿ ಇರೋದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಡೈವ್ ಆದ ಮೇಲೆ ವಿಮಾನ ಹತ್ತೋಕೆ ಡ್ಯಾನ್ ಹೇಳೋ ಕಾಯುವ ಹೊತ್ತು, ಒಂದೇ ಡೈವ್ ಆಗಿದ್ರೆ 12 ಗಂಟೆ, ಜಾಸ್ತಿ ಡೈವ್ ಆಗಿದ್ರೆ 18 ಗಂಟೆ, ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರ್ತದೆ. ಅಂದ್ರೆ ಘಾಟ್ ಹತ್ತೋದೂ ಸಣ್ಣ ವಿಮಾನ ಹತ್ತಿದ ಹಾಗೇ. ಆ ರಾತ್ರಿ ಕೆಳಗೇ ಇರಿ, ಒಂದು ರೂಮಿನ ಬಾಡಿಗೆ ಹೋಗ್ತದೆ, ಹೋಗಲಿ. ಮುರುಡೇಶ್ವರದಿಂದ ಬರುವಾಗಲೂ ಅಷ್ಟೇ, ಘಾಟ್ ಹತ್ತದೆ ಹುಬ್ಬಳ್ಳಿ ಸಿಗಲ್ಲ.

ಮಾರನೇ ದಿನವೂ ಒಬ್ಬರೇ ಗಾಡಿ ಓಡಿಸ್ಕೊಂಡು ಬರಬೇಡಿ. ಭುಜದಲ್ಲಿ, ಮೊಣಕಾಲಲ್ಲಿ ಆಳವಾದ ನೋವು, ಕೈಕಾಲು ಜೋಮು, ತಲೆ ಸುತ್ತು, ಕಾರಣ ಇಲ್ಲದ ಸುಸ್ತು, ಇವು ಮೈಯೊಳಗಿನ ಆ ನೈಟ್ರೋಜನ್ ಗುಳ್ಳೆಯ ಲಕ್ಷಣ. ಇವು ಬಂದ್ರೆ "ನಿನ್ನೆ ಭಾರ ಎತ್ತಿದ್ದೆ" ಅಂತ ನಮಗೆ ನಾವೇ ಸಮಾಧಾನ ಹೇಳ್ಕೊಳ್ತೀವಿ, ಪಕ್ಕದಲ್ಲಿ ಕೂತವರು ಹಾಗೆ ಬಿಡಲ್ಲ. ಅಂಥದ್ದೇನಾದ್ರೂ ಕಂಡ್ರೆ ಗಾಡಿ ನಿಲ್ಲಿಸಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಆಕ್ಸಿಜನ್ ಹಾಕಿಸಿ, ಡೈವ್ ಮಾಡಿ ಬಂದಿದ್ದೀನಿ ಅಂತ ನೀವೇ ಬಾಯಿಬಿಟ್ಟು ಹೇಳಿ, ಯಾಕಂದ್ರೆ ನಮ್ಮೂರ ಡಾಕ್ಟರ್‌ಗೆ ಅದನ್ನ ಕೇಳಬೇಕು ಅಂತ ಹೊಳೆಯಲ್ಲ. ಇದಕ್ಕೆ ಪೂರ್ತಿ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ, ಮುಂಬೈನ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಂಥ ಕಡೆ ಸಿಗ್ತದೆ. ನಿಮಗೆ ಹತ್ತಿರ ಯಾವುದು, ಅಲ್ಲಿಗೆ ಹೇಗೆ ಹೋಗಬೇಕು ಅನ್ನೋದನ್ನ ಮನೆ ಬಿಡೋ ಮುಂಚೆಯೇ ವಿಚಾರಿಸಿ, ದೋಣಿಯವನಿಗೆ ಕೊಡೋ ಅದೇ ಚೀಟಿಯ ಹಿಂದೆ ಬರೆದಿಡಿ.